ಸೊಂಟ ನೋವಿನ ಜೊತೆ ಮರೆವೂ ಬಂದಿದೆ, ಇದು ಏನು ಮೇಡಂ?

ಈ ವಾರ ಗುಂಪಿನ ಪ್ರಶ್ನೆಗಳಿಗೆ ಉತ್ತರ ಕೊಡುವವರು ಬೆಂಗಳೂರಿನ ಒಂದು ಆಸ್ಪತ್ರೆಯ ನೋವು ಚಿಕಿತ್ಸಾ ವಿಭಾಗದಲ್ಲಿರುವ ಕ್ಲಿನಿಕಲ್ ಸೈಕಾಲಜಿಸ್ಟ್. ಬಹಳ ದಿನದಿಂದ ನೋವಿರುವವರ ನೆನಪು, ಗಮನ ಪರೀಕ್ಷಿಸುವುದು ಇವರ ದಿನದ ಕೆಲಸ. ಕೇಳುವವರು ಹೆಸರು, ಫೋನ್ ನಂಬರ್, ರಿಪೋರ್ಟಿನ ಫೋಟೊ ಹಾಕಬೇಡಿ. ಊರು, ವಯಸ್ಸು ಸಾಕು.

ಹಾಸನದ ಕಡೆಯ ಟೀಚರ್, 46 ವರ್ಷ:

ಮೇಡಂ ನಮಸ್ತೆ. ನಾನು ಪ್ರೈಮರಿ ಶಾಲೆ ಟೀಚರ್. ನಾಲ್ಕು ವರ್ಷದಿಂದ ಸೊಂಟ ನೋವು, ಎಡಗಾಲಿಗೆ ಸೆಳೆತ. ಎಂಆರ್‌ಐ ಆಗಿದೆ. ಡಿಸ್ಕ್ ಸ್ವಲ್ಪ ಉಬ್ಬಿದೆ, ಆಪರೇಷನ್ ಬೇಡ ಅಂದಿದ್ದಾರೆ. ನೋವನ್ನು ಹೇಗೋ ತಡೆದುಕೊಂಡು ಬಂದೆ. ಈಗ ಹೆದರಿಕೆ ಬೇರೆಯದು. ಒಂದು ವರ್ಷದಿಂದ ಮರೆವು ವಿಪರೀತ. ಹಾಲು ಒಲೆ ಮೇಲಿಟ್ಟದ್ದು ಸುಟ್ಟ ವಾಸನೆ ಬಂದಾಗಲೇ ಗೊತ್ತಾಗುವುದು. ಬೋರ್ಡ್ ಮೇಲೆ ಭಾಗಾಕಾರ ಮಾಡುವಾಗ ಮಧ್ಯದಲ್ಲಿ ನಿಂತುಬಿಡುತ್ತೇನೆ. ಮಕ್ಕಳೇ "ಮಿಸ್, ಮೂರು ಕೆಳಗಿಳಿಸಿ" ಅನ್ನುತ್ತವೆ. ಮಾತಾಡುವಾಗ ಪದ ನಾಲಿಗೆ ತುದಿಯಲ್ಲಿರುತ್ತದೆ, ಬರುವುದಿಲ್ಲ. ನಮ್ಮ ಅಮ್ಮನಿಗೆ 74ನೇ ವಯಸ್ಸಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬಂದಿತ್ತು. ನನಗೂ ಅದೇ ಶುರುವಾಯಿತಾ? ರಾತ್ರಿ ಪ್ರಿಗಾಬಲಿನ್ ಇರುವ ಮಾತ್ರೆ ತೆಗೆದುಕೊಳ್ಳುತ್ತೇನೆ. ನೋವು ತೀರಾ ಜಾಸ್ತಿ ಆದ ದಿನ ಟ್ರಮಾಡಾಲ್.

ಉತ್ತರ:

ಟೀಚರ್, ನಮಸ್ಕಾರ. ನೋಡದೆ, ಪರೀಕ್ಷಿಸದೆ ಖಂಡಿತ ಅಂತ ಯಾರೂ ಹೇಳಬಾರದು, ನಾನೂ ಹೇಳುವುದಿಲ್ಲ. ಆದರೆ ನೀವು ಬರೆದದ್ದನ್ನು ಓದಿದರೆ ನನಗೆ ಡಿಮೆನ್ಷಿಯಾಗಿಂತ ಮೊದಲು ನೋವೇ ಕಾಣುತ್ತದೆ. ಎಲ್ಲಿ ತಪ್ಪಿದೆ, ಯಾವ ಲೆಕ್ಕದಲ್ಲಿ ನಿಂತೆ, ಯಾವ ಮಗು ಏನು ಹೇಳಿತು, ಎಲ್ಲ ನಿಮಗೆ ನೆನಪಿದೆ. ಡಿಮೆನ್ಷಿಯಾ ಶುರುವಾದವರ ಮನೆಯಲ್ಲಿ ಸಾಮಾನ್ಯವಾಗಿ ಉಲ್ಟಾ. ಮನೆಯವರು ಗಾಬರಿಯಿಂದ ಕರೆದುಕೊಂಡು ಬರುತ್ತಾರೆ, ಅವರು ಮಾತ್ರ "ನನಗೇನಾಗಿದೆ, ಚೆನ್ನಾಗಿದ್ದೀನಿ" ಅನ್ನುತ್ತಾ ಕೂತಿರುತ್ತಾರೆ.

ನಿಮ್ಮ ಭಾಗಾಕಾರವನ್ನೇ ತೆಗೆದುಕೊಳ್ಳೋಣ. ಉಳಿದದ್ದೆಷ್ಟು, ಇಳಿಸಬೇಕಾದದ್ದು ಯಾವುದು, ಯಾವ ಮಗ್ಗಿ, ಇದಿಷ್ಟನ್ನೂ ಕೆಲವು ಸೆಕೆಂಡು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಈ ಶಕ್ತಿಗೆ ವರ್ಕಿಂಗ್ ಮೆಮೊರಿ ಅಂತ ಹೆಸರು. ತಲೆಯೊಳಗಿನ ಸ್ಲೇಟು ಅಂದುಕೊಳ್ಳಿ. ಯಾರಿಗೇ ಆಗಲಿ ಆ ಸ್ಲೇಟು ಚಿಕ್ಕದು. ನಿಮ್ಮ ಸ್ಲೇಟಿನಲ್ಲಿ ಅರ್ಧ ಜಾಗ ಸೊಂಟಕ್ಕೇ ಹೋಗಿದೆ. ಹೇಗೆ ನಿಂತರೆ ಕಾಲು ಸೆಳೆಯುವುದಿಲ್ಲ, ಕುರ್ಚಿ ಎಷ್ಟು ದೂರ ಇದೆ, ಬೆಲ್ ಹೊಡೆಯಲು ಎಷ್ಟು ಹೊತ್ತಿದೆ. ನೀವು ಬೇಕೆಂದು ಈ ಲೆಕ್ಕ ಹಾಕುತ್ತಿಲ್ಲ, ಮೆದುಳು ತಾನಾಗಿ ಹಾಕುತ್ತಿದೆ. ಎಲ್ಲ ಕೆಲಸ ಬಿಡಿಸಿ ತನ್ನ ಕಡೆ ನೋಡುವಂತೆ ಮಾಡುವುದೇ ನೋವಿನ ಕೆಲಸ. ಕೈಗೆ ಬಿಸಿ ಪಾತ್ರೆ ತಗುಲಿದಾಗ ಅದು ಬೇಕೇ ಬೇಕು. ಆದರೆ ಮೂರು ತಿಂಗಳು ದಾಟಿದ ನೋವನ್ನು ನಾವು ದೀರ್ಘಕಾಲದ ನೋವು ಅನ್ನುತ್ತೇವೆ, ಅಲ್ಲಿ ಕಾಪಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಕೂಗು ಮಾತ್ರ ನಿಂತಿರುವುದಿಲ್ಲ.

ಹಾಲಿನ ಕಥೆ ಸ್ವಲ್ಪ ಬೇರೆ. ಅದನ್ನು ಮರೆವು ಅನ್ನುವುದೇ ಸರಿಯಲ್ಲ. ಹಾಲಿಡುವ ಹೊತ್ತಿಗೆ ಬಗ್ಗಿದಿರಿ, ಚಳಕು ಹೊಡೆಯಿತು, ಗಮನ ಅಲ್ಲಿಗೆ ಹೋಯಿತು. ಹಾಲಿಟ್ಟೆ ಅನ್ನುವುದು ಮನಸ್ಸಿನಲ್ಲಿ ದಾಖಲಾಗಲೇ ಇಲ್ಲ. ಡಬ್ಬಿಗೆ ಹಾಕದ ಬೆಲ್ಲವನ್ನು ಡಬ್ಬಿಯಲ್ಲಿ ಹುಡುಕಿದರೆ ಎಲ್ಲಿ ಸಿಗುತ್ತದೆ?

ನಮ್ಮ ರೂಮಿನಲ್ಲಿ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಕುತ್ತಿಗೆ ನೋವಿನ ಒಬ್ಬರು ಬಂದಿದ್ದರು (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ನಾನು ಅಂಕಿ ಹೇಳುವುದು, ಅವರು ಹಿಂದುಮುಂದಾಗಿ ಹೇಳುವುದು. 7, 2, 9 ಅಂದೆ. 9, 2, 7 ಅಂದರು, ಸಲೀಸು. ನಾಲ್ಕು ಅಂಕಿಗೆ ಬಂದಾಗ ಕೈ ತಾನಾಗಿ ಕುತ್ತಿಗೆಗೆ ಹೋಯಿತು, ಮಧ್ಯದ ಅಂಕಿ ತಪ್ಪಿತು. ಆಮೇಲೆ ಐದು ಪದ ಎರಡು ಸಲ ಹೇಳಿಸಿದೆ: ಹಗ್ಗ, ಬಾಗಿಲು, ಹಲಸು, ಗಂಟೆ, ಕೆಂಪು. ಹತ್ತು ನಿಮಿಷ ಬಿಟ್ಟು ಕೇಳಿದರೆ ಎರಡೇ ಬಂದವು. ಮುಖ ಸಣ್ಣದಾಯಿತು. "ಒಂದು ಹಣ್ಣಿತ್ತಲ್ಲ ಸರ್?" ಅಂದೆ. "ಹಲಸು!" ಅಂತ ತಟ್ಟನೆ ಬಂತು. "ಒಂದು ಬಣ್ಣ?" "ಕೆಂಪು." ಪದಗಳು ಒಳಗೇ ಇದ್ದವು, ಎಳೆದು ತರುವುದು ಕಷ್ಟವಾಗಿತ್ತು. ಡಿಮೆನ್ಷಿಯಾದಲ್ಲಿ ಹೆಚ್ಚಾಗಿ ಕಾಣುವ ಆಲ್ಜೈಮರ್ಸ್‌ನಲ್ಲಿ ಹೀಗೆ ಸುಳಿವು ಕೊಟ್ಟರೂ ಸಾಮಾನ್ಯವಾಗಿ ಹೆಚ್ಚು ಪ್ರಯೋಜನ ಆಗುವುದಿಲ್ಲ. ಹಣ್ಣು ಹೇಳಿದ್ದೇ ನೆನಪಿರುವುದಿಲ್ಲ.

ಮೆದುಳಿನಲ್ಲಿ ನಿಜಕ್ಕೂ ಬದಲಾವಣೆ ಆಗುತ್ತದಾ? ಕೆಲವರಲ್ಲಿ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. 2004ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವನ್ಯಾ ಅಪ್ಕಾರಿಯನ್ ತಂಡ, ಬಹಳ ಕಾಲದ ಬೆನ್ನುನೋವಿದ್ದ 26 ಜನರ ಮೆದುಳಿನ ಸ್ಕ್ಯಾನನ್ನು ನೋವಿಲ್ಲದ 26 ಜನರ ಸ್ಕ್ಯಾನಿನ ಜೊತೆ ಹೋಲಿಸಿ ನೋಡಿತು. ನೋವಿದ್ದವರ ಮೆದುಳಿನ ಹೊರಪದರದಲ್ಲಿ ಬೂದು ಭಾಗ (ನರಕೋಶಗಳು ಹೆಚ್ಚಿರುವ ಭಾಗ) ಶೇ 5ರಿಂದ 11ರಷ್ಟು ಕಡಿಮೆ ಇತ್ತು. ಕಡಿಮೆಯಾಗಿದ್ದ ಮುಖ್ಯ ಜಾಗಗಳಲ್ಲಿ ಒಂದು ಹಣೆಯ ಹಿಂದಿನ ಭಾಗ, ಅಂದರೆ ಸ್ಲೇಟು ಇರುವ ಜಾಗ. ಇಂಟರ್‌ನೆಟ್ಟಿನಲ್ಲಿ "ನೋವು ಮೆದುಳನ್ನು ತಿನ್ನುತ್ತದೆ" ಅಂತ ಹೆದರಿಸುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದ್ದನ್ನು ಹೇಳುವುದಿಲ್ಲ. 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಬೆನ್ನುನೋವಿನವರನ್ನು ಚಿಕಿತ್ಸೆಗೆ ಮೊದಲು ಒಮ್ಮೆ, ಆರು ತಿಂಗಳ ನಂತರ ಒಮ್ಮೆ ಸ್ಕ್ಯಾನ್ ಮಾಡಿದರು. ಅದೇ ಹಣೆಯ ಹಿಂದಿನ ಭಾಗ ಎಡಗಡೆ ಮತ್ತೆ ದಪ್ಪವಾಗಿತ್ತು. ನೋವು ಹೆಚ್ಚು ಇಳಿದವರಲ್ಲಿ ಹೆಚ್ಚು ದಪ್ಪ. ಇವೆಲ್ಲ ಸಣ್ಣ ಸಂಖ್ಯೆಯ ಅಧ್ಯಯನಗಳು, ಒಪ್ಪುತ್ತೇನೆ. ಆದರೂ ಸೊರಗಿದ್ದು ಚೇತರಿಸಿಕೊಳ್ಳಬಲ್ಲದು ಅನ್ನುವುದು ನನ್ನ ಮಟ್ಟಿಗೆ ದೊಡ್ಡ ವಿಷಯ. ಹಾಗಾಗಿಯೇ "ನೋವು ತಡೆದುಕೊಂಡು ಬಂದೆ" ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ನನಗೆ ಸಮಾಧಾನ ಆಗುವುದಿಲ್ಲ.

ಈಗ ಎರಡು ಪ್ರಶ್ನೆ. ನಿದ್ದೆ ಹೇಗಿದೆ? ಪ್ರಿಗಾಬಲಿನ್ ಶುರುವಾಗಿ ಎಷ್ಟು ಕಾಲವಾಯಿತು?

ಟೀಚರ್:

ನಿದ್ದೆ ಎಲ್ಲಿಂದ ಮೇಡಂ. ಮಗ್ಗುಲು ಬದಲಿಸುವಾಗೆಲ್ಲ ಎಚ್ಚರ. ಮೂರು ಗಂಟೆಗೆ ಎದ್ದರೆ ಆಮೇಲೆ ಸುಮ್ನೆ ಫ್ಯಾನ್ ನೋಡುತ್ತಾ ಮಲಗಿರುತ್ತೇನೆ. ಮಾತ್ರೆಯ ಚೀಟಿ ಹುಡುಕಿ ನೋಡಿದೆ. ಪ್ರಿಗಾಬಲಿನ್ ಶುರುವಾಗಿ ಹದಿನಾಲ್ಕು ತಿಂಗಳು. ಮರೆವು ಶುರುವಾಗಿ ಒಂದು ವರ್ಷ. ಅಯ್ಯೋ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ! ಹಾಗಾದರೆ ಇವತ್ತಿಂದಲೇ ನಿಲ್ಲಿಸಲಾ?

ಉತ್ತರ:

ಬೇಡ, ಬೇಡ. ಒಂದೇ ಸಲ ನಿಲ್ಲಿಸಬೇಡಿ. ಹದಿನಾಲ್ಕು ತಿಂಗಳು ತೆಗೆದುಕೊಂಡ ಪ್ರಿಗಾಬಲಿನ್ ತಟ್ಟನೆ ಬಿಟ್ಟರೆ ನಿದ್ದೆ ಪೂರ್ತಿ ಹೋಗಬಹುದು, ಬೆವರು, ಚಡಪಡಿಕೆ, ವಾಕರಿಕೆ ಬರಬಹುದು. ಫಿಟ್ಸ್ ಇರುವವರಿಗಂತೂ ಅಪಾಯ. ಬರೆದುಕೊಟ್ಟ ಡಾಕ್ಟರ ಹತ್ತಿರವೇ ಹೋಗಿ ಈ ಎರಡು ತಾರೀಕು ತೋರಿಸಿ. ಕಡಿಮೆ ಮಾಡುವುದಾ, ಬೇರೆ ಮಾತ್ರೆಗೆ ಹೋಗುವುದಾ, ಹಾಗೇ ಇಡುವುದಾ ಅಂತ ಅವರು ತೀರ್ಮಾನಿಸಲಿ. ನಾನು ಮಾತ್ರೆ ಬರೆಯುವವಳಲ್ಲ. ಆದರೆ ಮರೆವು ಅಂತ ಬಂದವರಿಗೆ ಮಾತ್ರೆಯ ಚೀಲ ಮೇಜಿನ ಮೇಲೆ ಸುರಿಯಿರಿ ಅಂತ ಮೊದಲೇ ಹೇಳಿಬಿಡುತ್ತೇನೆ.

ನೋವಿಗೆ ಕೊಡುವ ಹಲವು ಮಾತ್ರೆಗಳು ಮೆದುಳಿಗೂ ಸ್ವಲ್ಪ ಮಂಕು ಹಿಡಿಸುತ್ತವೆ. ಪ್ರಿಗಾಬಲಿನ್, ಗಾಬಾಪೆಂಟಿನ್‌ನಿಂದ ಜೋಂಪು, ತಲೆ ಭಾರ. ಟ್ರಮಾಡಾಲ್ ಸೇರಿದರೆ ಇನ್ನೂ ಜಾಸ್ತಿ. ನಿಮ್ಮ ಎರಡೂ ಒಂದೇ ದಿನ ಸೇರುತ್ತಿವೆ, ಇದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ. ಅಮಿಟ್ರಿಪ್ಟಿಲಿನ್ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕಕ್ಕೇ ಅಡ್ಡ ಬರುತ್ತದೆ, ಅದಕ್ಕೇ ವಯಸ್ಸಾದವರಿಗೆ ಕೊಡುವಾಗ ಹಿಂದೆಮುಂದೆ ನೋಡುತ್ತಾರೆ. ಮೈಗ್ರೇನಿಗೆ ಕೊಡುವ ಟೋಪಿರಾಮೇಟ್ ಕೆಲವರಿಗೆ ಪದವೇ ಸಿಗದ ಹಾಗೆ ಮಾಡುತ್ತದೆ. ನೆಗಡಿಗೆ ಅಂತ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಗಳಲ್ಲೂ ಮಂಕು ಹಿಡಿಸುವವು ಇವೆ.

ಹಾಗಂತ ಎಲ್ಲಾ ತಪ್ಪನ್ನು ಮಾತ್ರೆ ಮೇಲೆ ಹಾಕಲೂ ಆಗುವುದಿಲ್ಲ. ಅದೇ ಮಾತ್ರೆಯಿಂದ ನೋವು ಇಳಿದು, ನಿದ್ದೆ ಬಂದು, ತಲೆ ಚುರುಕಾದವರನ್ನೂ ನೋಡಿದ್ದೇನೆ. ನಿಮಗೆ ನಿದ್ದೆಯೇ ಬರುತ್ತಿಲ್ಲ ಅನ್ನುವುದು ನನಗೆ ಮಾತ್ರೆಗಿಂತ ದೊಡ್ಡದಾಗಿ ಕಾಣುತ್ತದೆ. ಹಗಲು ಕಲಿತದ್ದು ಗಟ್ಟಿಯಾಗುವುದು ಗಾಢ ನಿದ್ದೆಯಲ್ಲಿ. ನೋವು ಆ ನಿದ್ದೆಯನ್ನು ಒಡೆಯುತ್ತದೆ. ನಿದ್ದೆ ಕೆಟ್ಟ ಮರುದಿನ ಅದೇ ಸೊಂಟ ಇನ್ನೂ ಜಾಸ್ತಿ ನೋಯುತ್ತದೆ. ಮೂರು ಗಂಟೆಗೆ ಎಚ್ಚರವಾದಾಗ ಅರ್ಧ ಗಂಟೆ ಫ್ಯಾನ್ ನೋಡಬೇಡಿ, ಎದ್ದು ಬೇರೆ ಕಡೆ ಕೂತು, ನಿದ್ದೆ ಎಳೆದಾಗ ಮತ್ತೆ ಮಲಗಿ. ಬೆಳಿಗ್ಗೆ ಏಳುವ ಸಮಯ ಮಾತ್ರ ಭಾನುವಾರವೂ ಒಂದೇ ಇರಲಿ. ಗೊರಕೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ದಾವಣಗೆರೆಯಿಂದ ಒಬ್ಬರು:

ಮೇಡಂ, ತಪ್ಪು ತಿಳಿಯಬೇಡಿ. ನಮ್ಮ ಮನೆಯವರಿಗೂ ಮೈಕೈ ನೋವು, ಮರೆವು. ಗ್ಯಾಸ್ ಬುಕ್ ಮಾಡು ಅಂದರೆ ಮರೆತೆ ಅನ್ನುತ್ತಾರೆ. ಆದರೆ ಸೀರಿಯಲ್ ನೋಡುವಾಗ ನೋವೂ ಇಲ್ಲ, ಮರೆವೂ ಇಲ್ಲ. ಹೋದ ವಾರದ ಕಥೆಯೆಲ್ಲ ಬಾಯಿಪಾಠ. ಎಲ್ಲಾ ಟೆಸ್ಟ್ ನಾರ್ಮಲ್. ಇದು ಅರ್ಧ ನೆಪ ಅಲ್ವಾ?

ಉತ್ತರ:

ಅಲ್ಲ ಸರ್. ಸಿಟ್ಟಿಲ್ಲ, ಈ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಬಾಯಿ ಬಿಡದೆ ಓಡಾಡುತ್ತಿರುತ್ತದೆ, ನೀವು ಕೇಳಿದಿರಿ. ಗಮನ ಹಗ್ಗಜಗ್ಗಾಟದ ಹಗ್ಗ ಇದ್ದ ಹಾಗೆ. ಒಂದು ಕಡೆಯಿಂದ ನೋವು ಎಳೆಯುತ್ತದೆ. ಇನ್ನೊಂದು ಕಡೆ ಇಷ್ಟವಾದದ್ದು ಗಟ್ಟಿಯಾಗಿ ಎಳೆದರೆ ನೋವು ಸೋಲುತ್ತದೆ, ಸ್ವಲ್ಪ ಹೊತ್ತು. ಗ್ಯಾಸ್ ಬುಕಿಂಗಿಗೆ ಅಷ್ಟು ಬಲ ಎಲ್ಲಿದೆ ಹೇಳಿ! 2012ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಜನರ ತೋಳಿಗೆ ಬಿಸಿ ಮುಟ್ಟಿಸುತ್ತಾ ಕಷ್ಟದ ನೆನಪಿನ ಆಟ ಆಡಿಸಿದರು. ಆಟ ಕಷ್ಟವಾದಾಗ ನೋವು ಕಡಿಮೆ ಅನಿಸಿತು ಮಾತ್ರವಲ್ಲ, ಕುತ್ತಿಗೆಯ ಹತ್ತಿರ ಬೆನ್ನುಹುರಿಯಲ್ಲೇ ನೋವಿನ ಸಂಕೇತ ಇಳಿದದ್ದು ಸ್ಕ್ಯಾನಿನಲ್ಲಿ ಕಂಡಿತು. ಅಂದರೆ ಸೀರಿಯಲ್ ನೋಡುವಾಗ ಅವರಿಗೆ ನಿಜವಾಗಿಯೂ ನೋವು ಕಡಿಮೆ, ಟಿವಿ ಆರಿಸಿದ ಮೇಲೆ ನಿಜವಾಗಿಯೂ ಜಾಸ್ತಿ. ಎರಡೂ ಸುಳ್ಳಲ್ಲ.

ಟೆಸ್ಟ್ ನಾರ್ಮಲ್ ಅಂದಿರಿ. ಇಡೀ ಮೈ ನೋವು, ಎದ್ದರೂ ದಣಿವು, ಮರೆವು ಮೂರೂ ಸೇರಿದ್ದರೆ ಫೈಬ್ರೊಮಯಾಲ್ಜಿಯಾ ಇದೆಯಾ ಅಂತ ಕೇಳಿ. ಅದನ್ನು ಗುರುತಿಸಲು 2010ರಲ್ಲಿ ಅಮೆರಿಕದ ರುಮಟಾಲಜಿ (ಕೀಲು, ಸ್ನಾಯು ರೋಗ) ತಜ್ಞರ ಸಂಘ ಕೊಟ್ಟ ಅಳತೆಯಲ್ಲಿ ಯೋಚನೆ, ನೆನಪಿನ ತೊಂದರೆಗೂ ಅಂಕ ಇದೆ. ರಕ್ತಪರೀಕ್ಷೆ, ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ವಿಟಮಿನ್ ಬಿ12 ಆಗಿದೆಯಾ ನೋಡಿ. ಮನಸ್ಸು ಕುಗ್ಗಿದೆಯಾ ಅನ್ನುವುದನ್ನೂ ಯಾರಾದರೂ ಕೂತು ಕೇಳಬೇಕು, ಖಿನ್ನತೆಯೂ ಇದೇ ತರಹ ಮರೆಸುತ್ತದೆ. ಅಲ್ಲಿವರೆಗೆ ಗ್ಯಾಸ್ ನೀವೇ ಬುಕ್ ಮಾಡಿ ಸರ್.

ಬೆಂಗಳೂರಿನಿಂದ ಒಬ್ಬರು:

ಅಪ್ಪನಿಗೆ 71. ಶಿವಮೊಗ್ಗದಲ್ಲಿದ್ದಾರೆ. ಎರಡೂ ಮಂಡಿ ಸವೆದಿದೆ, ಆರು ವರ್ಷದ ನೋವು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್. ಇತ್ತೀಚೆಗೆ ಒಂದೇ ಮಾತನ್ನು ಹತ್ತು ಸಲ ಕೇಳುತ್ತಾರೆ. ಮೂವತ್ತು ವರ್ಷ ಹೋಗಿಬಂದ ಬ್ಯಾಂಕಿನಿಂದ ಮನೆಗೆ ಬರುವಾಗ ದಾರಿ ತಪ್ಪಿ ಬಸ್ ಸ್ಟ್ಯಾಂಡ್ ಹತ್ತಿರ ನಿಂತಿದ್ದರು. ಕೇಳಿದರೆ "ಮಂಡಿ ನೋವಿಗೆ ತಲೆ ಓಡಲಿಲ್ಲ" ಅಂತಾರೆ. ನೀವು ಹೇಳಿದ ಹಾಗೆ ಇದೂ ನೋವಿನಿಂದಲೇ ಇರಬಹುದಾ?

ಉತ್ತರ:

ಇದನ್ನು ನೋವಿನ ಲೆಕ್ಕಕ್ಕೆ ಹಾಕಿ ಕೂರಬೇಡಿ. ಗೊತ್ತಿರುವ ದಾರಿ ತಪ್ಪುವುದು, ಕೇಳಿದ್ದನ್ನೇ ಕೇಳುವುದು, ದುಡ್ಡಿನ ಲೆಕ್ಕ ತಪ್ಪುವುದು, ಸ್ವಭಾವ ಬದಲಾಗುವುದು ಕಂಡರೆ ನರರೋಗ ತಜ್ಞರಿಗೆ ತೋರಿಸಲೇಬೇಕು, ಈ ತಿಂಗಳಲ್ಲೇ. "ಅರಳು ಮರಳು, ವಯಸ್ಸಾಯಿತು" ಅಂತ ಬಿಡುವವರು ಬಹಳ. ಮೊದಲು ಬಿ12 ಮಾಡಿಸಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಅದು ಇಳಿಯಬಹುದು, ಸಸ್ಯಾಹಾರಿಗಳಾದರೆ ಇನ್ನೂ. ಸರಿಪಡಿಸಬಹುದಾದ ಕಾರಣಗಳಲ್ಲಿ ಅದೂ ಒಂದು. ಸಕ್ಕರೆ ಪದೇಪದೇ ಕೆಳಗಿಳಿಯುತ್ತಿದೆಯಾ ಅಂತಲೂ ಕೇಳಿ. ಒಂದೆರಡು ದಿನದಲ್ಲೇ ತಟ್ಟನೆ ಗಲಿಬಿಲಿ ಶುರುವಾದರೆ ಮಾತ್ರ ಕಾಯದೆ ಆಸ್ಪತ್ರೆಗೆ.

ಹಾಗಂತ ಮಂಡಿಯನ್ನು ಮರೆಯಬೇಡಿ. ಅಮೆರಿಕದಲ್ಲಿ 60 ದಾಟಿದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಳ ಕಾಲ ಗಮನಿಸಿ 2017ರಲ್ಲಿ ಪ್ರಕಟಿಸಿದ ವರದಿ ಇದೆ. ನೋವು ಬಿಡದೆ ಇದ್ದವರ ನೆನಪು ಉಳಿದವರಿಗಿಂತ ಶೇ 9.2ರಷ್ಟು ಬೇಗ ಇಳಿದಿತ್ತು. ನೋವೇ ಕಾರಣವಾ, ಎರಡಕ್ಕೂ ಬೇರೊಂದು ಕಾರಣವಾ ಅಂತ ಆ ವರದಿ ತೀರ್ಮಾನಿಸುವುದಿಲ್ಲ. ಮಂಡಿ ನೋವಿರುವವರು ನಡೆಯುವುದಿಲ್ಲ, ಕಟ್ಟೆಗೆ ಹೋಗಿ ಹರಟುವುದಿಲ್ಲ, ರಾತ್ರಿ ಮಲಗುವುದಿಲ್ಲ. ನೆನಪಿಗೆ ಇವೆಲ್ಲ ಬೇಕು ಅಲ್ವಾ? ಮಂಡಿಗೆ ಫಿಸಿಯೋಥೆರಪಿಯೋ ಆಪರೇಷನ್ನೋ, ಅದರ ಮಾತೂ ಜೊತೆಗೇ ನಡೆಯಲಿ.

ಕರ್ನಾಟಕ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮ ಶುರುಮಾಡಿ, ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ತೆರೆಯುತ್ತಾ ಬಂದಿದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನೆನಪಿನ ಪರೀಕ್ಷೆ ಕನ್ನಡದಲ್ಲೇ ಆಗಬೇಕು ಅಂತ ಕೇಳಿ. ಇಂಗ್ಲಿಷಿನಲ್ಲಿ ಮಾಡಿದರೆ ಅಪ್ಪನ ಇಂಗ್ಲಿಷ್ ಎಷ್ಟಿದೆ ಅನ್ನುವುದು ಗೊತ್ತಾಗುತ್ತದೆ, ಅಷ್ಟೇ.

ಚಿತ್ರದುರ್ಗದಿಂದ ಒಬ್ಬರು:

ನನಗೆ ಚಿಕುನ್‌ಗುನ್ಯಾ ಬಂದು ಎರಡು ವರ್ಷ. ಬೆಳಿಗ್ಗೆ ಬೆರಳು ಮಡಚಲು ಆಗುವುದಿಲ್ಲ. ಆಗಿನಿಂದ ತಲೆಗೂ ಏನೂ ಹತ್ತುವುದಿಲ್ಲ. ಜ್ವರ ತಲೆಗೆ ಏರಿತ್ತಾ?

ಉತ್ತರ:

2006ರಲ್ಲಿ ನಮ್ಮ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ ಬಂದಾಗಿನಿಂದ ಈ ಪ್ರಶ್ನೆ ಕೇಳುತ್ತಲೇ ಇದ್ದೇವೆ. ಆ ವೈರಸ್ ಮೆದುಳಿಗೆ ಹೋಗುವುದು ಅಪರೂಪ, ಕೀಲು ನೋವು ತಿಂಗಳು, ವರ್ಷ ಉಳಿಯುವುದು ಸಾಮಾನ್ಯ. ಜ್ವರದ ಸಮಯದಲ್ಲಿ ಎಚ್ಚರ ತಪ್ಪಿರಲಿಲ್ಲ, ಫಿಟ್ಸ್ ಬಂದಿರಲಿಲ್ಲ ಅಂದರೆ, ಮಂಕಿಗೆ ಕೀಲು ನೋವು ಮತ್ತು ಕೆಟ್ಟ ನಿದ್ದೆಯೇ ಕಾರಣ ಇರುವ ಸಾಧ್ಯತೆ ಹೆಚ್ಚು. ರುಮಟಾಲಜಿಸ್ಟ್ ಹತ್ತಿರ ಹೋಗಿ, ಬೆಳಗಿನ ಆ ಬಿಗಿತ ಎಷ್ಟು ನಿಮಿಷ ಇರುತ್ತದೆ ಅಂತ ಗಡಿಯಾರ ನೋಡಿ ಬರೆದುಕೊಂಡು ಹೋಗಿ. ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.

ಶಿರಸಿಯಿಂದ ಒಬ್ಬರು:

ಒಂದೆಲಗ ದಿನಾ ತಿಂದರೆ ನೆನಪು ಬರುತ್ತದೆ ಅಂತಾರಲ್ಲ?

ಉತ್ತರ:

ತಂಬುಳಿ ಮಾಡಿ ಧಾರಾಳವಾಗಿ ಉಣ್ಣಿ, ನನಗೂ ಇಷ್ಟ. ನೋವಿನ ಮಂಕಿಗೆ ಅದೇ ಔಷಧ ಅಂತ ಮಾತ್ರ ನಾನು ಬರೆದುಕೊಡಲಾರೆ. "ಮೆಮೊರಿ ಮಾತ್ರೆ" ಅಂತ ತಿಂಗಳಿಗೆ ಸಾವಿರಾರು ರೂಪಾಯಿ ಕೊಡುವುದಕ್ಕಿಂತ ಆ ದುಡ್ಡನ್ನು ಫಿಸಿಯೋಥೆರಪಿಗೆ ಹಾಕಿ.

ಟೀಚರ್:

ಮೇಡಂ, ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದಿನ ಶನಿವಾರ ಸಿಕ್ಕಿದೆ. ಅಲ್ಲಿವರೆಗೆ ಶಾಲೆಯಲ್ಲಿ ಏನು ಮಾಡಲಿ? ಮಕ್ಕಳೆದುರು ನಿಂತುಬಿಟ್ಟರೆ ನಾಚಿಕೆಯಾಗುತ್ತದೆ.

ಉತ್ತರ:

ನೋವು ಯಾವ ಹೊತ್ತಿನಲ್ಲಿ ಕಡಿಮೆ ಇರುತ್ತದೋ ಆ ಹೊತ್ತಿಗೆ ಗಣಿತ ಹಾಕಿಸಿಕೊಳ್ಳಿ. ಹೆಡ್‌ಮಾಸ್ಟರ ಹತ್ತಿರ ಪೀರಿಯಡ್ ಬದಲಾವಣೆ ಕೇಳುವುದರಲ್ಲಿ ಸಂಕೋಚ ಬೇಡ. ಬೋರ್ಡ್ ಪಕ್ಕ ಎತ್ತರದ ಸ್ಟೂಲ್ ಇಟ್ಟುಕೊಳ್ಳಿ. ನೋವು ಏರಿದ ಮೇಲೆ ಕೂರುವುದಲ್ಲ, ಹದಿನೈದು ನಿಮಿಷಕ್ಕೆ ಒಮ್ಮೆ, ನೋವಿರಲಿ ಬಿಡಲಿ, ಕೂರುವುದು. ಬಹಳ ಜನ ಇದರಲ್ಲೇ ಎಡವುತ್ತಾರೆ. ಚೆನ್ನಾಗಿರುವ ದಿನ ಇಡೀ ಮನೆ ತೊಳೆದು ಮರುದಿನ ಮಲಗುತ್ತಾರೆ.

ಭಾಗಾಕಾರದ ಹಂತಗಳನ್ನು ಬಾಯಿ ಬಿಟ್ಟು ಹೇಳುತ್ತಾ ಮಾಡಿ. ಉಳಿದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಬೋರ್ಡಿನ ಮೂಲೆಯಲ್ಲಿ ಬರೆದುಬಿಡಿ. ಮನೆಯಲ್ಲೂ ಹಾಗೇ, "ಹಾಲಿಟ್ಟೆ, ಒಲೆ ಸಣ್ಣ ಮಾಡಿದೆ" ಅಂತ ಗಟ್ಟಿಯಾಗಿ ಹೇಳಿ. ಮನೆಯವರು ನಕ್ಕರೆ ನಗಲಿ. ಹಾಲಿಟ್ಟರೆ ಅಡುಗೆಮನೆ ಬಿಟ್ಟು ಹೋಗುವ ಹಾಗಿಲ್ಲ ಅನ್ನುವ ಒಂದು ನಿಯಮ ಮಾಡಿಕೊಳ್ಳಿ. ನಮ್ಮಜ್ಜಿ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದರು, ನಾನು ರೋಗಿಗಳಿಗೆ ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಈಗ ಗಂಟಿನ ಬದಲು ಫೋನಿನ ಅಲಾರಂ.

ಶನಿವಾರಕ್ಕೆ ಒಂದು ಹಾಳೆಯಲ್ಲಿ ಮೂರು ಸಾಲು ಎಳೆದುಕೊಳ್ಳಿ: ರಾತ್ರಿ ಎಷ್ಟು ಗಂಟೆ ನಿದ್ದೆ, ನೋವು ಹತ್ತಕ್ಕೆ ಎಷ್ಟು, ಆ ದಿನ ಏನು ಮರೆತಿರಿ. ಟ್ರಮಾಡಾಲ್ ತೆಗೆದುಕೊಂಡ ದಿನಕ್ಕೆ ಒಂದು ಚುಕ್ಕೆ. ನಡುವೆ ಕಾಲಿಗೆ ಬಲ ಕಡಿಮೆಯಾದರೆ, ಮೂತ್ರ ಹಿಡಿದಿಡಲು ಆಗದಿದ್ದರೆ ಅಥವಾ ಕೂರುವ ಜಾಗ ಜೋಮು ಹಿಡಿದರೆ ಶನಿವಾರಕ್ಕೆ ಕಾಯಬೇಡಿ, ಆ ಹೊತ್ತಿಗೇ ಹೋಗಿ.

ಟೀಚರ್:

ಆಯಿತು ಮೇಡಂ. ಹಾಳೆ ಗೆರೆ ಹಾಕಿ ಫ್ರಿಜ್ ಮೇಲೆ ಅಂಟಿಸಿದೆ. ಇವತ್ತು ಐದನೇ ತರಗತಿಯಲ್ಲಿ ಗಟ್ಟಿಯಾಗಿ ಹೇಳುತ್ತಾ ಲೆಕ್ಕ ಮಾಡಿದೆ. ಮಕ್ಕಳೂ ಜೊತೆಗೆ ಹೇಳಲು ಶುರುಮಾಡಿದವು. ಪಕ್ಕದ ಕ್ಲಾಸಿನ ಮೇಷ್ಟ್ರು ಗಲಾಟೆ ಅಂತ ಬಂದು ಬಾಗಿಲಲ್ಲಿ ನಿಂತು ನೋಡಿಹೋದರು.